ಬಣ್ಣದಡಿಯಿಂದ ಎದ್ದ ಹೆಸರು

ಬಾನೆಟ್ಟಿನ ಎಡಮೂಲೆಯಲ್ಲಿ ನೀಲಿ ಬಣ್ಣ ಸುಕ್ಕುಗಟ್ಟುತ್ತಿತ್ತು.

ಕಾಯಿಸಿದ ಹಾಲು ಆರುವಾಗ ಮೇಲಿನ ಕೆನೆ ತನ್ನಷ್ಟಕ್ಕೆ ತಾನು ನೆರಿಗೆ ಹಿಡಿಯುವುದಿಲ್ಲವೇ, ಹಾಗೆ. ಯಾರೂ ಮುಟ್ಟಿರಲಿಲ್ಲ. ಮಲ್ಲಸಮುದ್ರದಾಚೆ, ರಸ್ತೆಗೆ ಬೆನ್ನು ಮಾಡಿ ನಿಂತ ಆ ತಗಡಿನ ಗ್ಯಾರೇಜಿನಲ್ಲಿ ಗಾಳಿಯೂ ಆಡುತ್ತಿರಲಿಲ್ಲ. ಸಬ್ ಇನ್ಸ್‌ಪೆಕ್ಟರ್ ಅನ್ನಪೂರ್ಣ ಬಗ್ಗಿ ನೋಡುತ್ತಲೇ ಇದ್ದಳು. ಹೆಸರುಕಾಳಿನಷ್ಟಿದ್ದ ಗುಳ್ಳೆ ಅವಳ ಕಣ್ಣೆದುರಿಗೇ ಅವರೆಕಾಳಿನಷ್ಟಾಯಿತು.

"ಏನಪಾ ಮಾಶಾಕ ಇದು?"

ಬಣ್ಣದ ಮಾಶಾಕ ಸ್ಪ್ರೇ ಗನ್ನು ಕೆಳಗಿಟ್ಟು ಮೂಗಿಗೆ ಕಟ್ಟಿದ್ದ ವಸ್ತ್ರ ಇಳಿಸಿದ. ಮಾತಿಗೆ ಮೊದಲು ನಗುವ, ನಗುತ್ತಲೇ ಜಾರಿಕೊಳ್ಳುವ ಮನುಷ್ಯ. ಸೆಕೆಗೆ ಹಾಗಾಗುತ್ತದೆ ಎಂದ. ಥಿನ್ನರ್ ಹೊಲಸು ಬಂದಿದೆ ಎಂದ. ಕಂಪ್ರೆಸರಿನೊಳಗೆ ನೀರು ಸೇರಿರಬೇಕು ಎಂದೂ ಹೇಳಿ ನೋಡಿದ. ಅನ್ನಪೂರ್ಣ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಸುಮ್ಮನೆ ನಿಂತವರ ಮುಂದೆ ಸುಳ್ಳು ಬಹಳ ಹೊತ್ತು ನಿಲ್ಲುವುದಿಲ್ಲ.

ಕೊನೆಗೆ ಹೇಳಿದ. ಬಾಗಿಲಿಗೆ, ಚಕ್ಕಡಿಗೆ ಹಚ್ಚುವ ಎಣ್ಣೆ ಬಣ್ಣದ ಮೇಲೆ ಈ ಥಿನ್ನರ್ ಬಣ್ಣ ಕೂರುವುದಿಲ್ಲ. ಎಣ್ಣೆ ಬಣ್ಣ ಹಳೆಯದಾಗಿ ನಾಲ್ಕು ಬೇಸಿಗೆ ಉಂಡಿದ್ದರೆ ಕಲ್ಲಾಗಿರುತ್ತದೆ, ತಡೆದುಕೊಳ್ಳುತ್ತದೆ. ಹಸಿಯದಾಗಿದ್ದರೆ ಮೇಲೆ ಒಣಗಿದಂತೆ ಕಂಡರೂ ಒಳಗೆ ಮೊಸರಿನಂತಿರುತ್ತದೆ. ಥಿನ್ನರ್ ಒಳಗಿಳಿದು ಅದನ್ನು ಎಬ್ಬಿಸುತ್ತದೆ. ಹಾಗಾಗಬಾರದೆಂದರೆ ಮೊದಲು ತಗಡು ಕಾಣುವ ತನಕ ಪಾಲಿಶ್ ಪೇಪರಿನಿಂದ ಕೆರೆದು ತೆಗೆಯಬೇಕು.

"ಮತ್ತ ಕೆರೀಲಿಲ್ಲ ಯಾಕ?"

"ಗಾಡಿ ಸಾವಕಾರ್ರು ಇಡೀ ಬಾನೆಟ್ಟಿಗೆ ಪೇಪರ್ ಮುಟ್ಟಸಬ್ಯಾಡ ಅಂದ್ರು. ಬಾನೆಟ್ಟಿನ ಮ್ಯಾಲ ವೀರಭದ್ರದೇವರ ಹೆಸರು ಐತ್ರಿ. ಅದನ್ನ ಕೆರದವನ ಕೈ ಬಿದ್ದು ಹೋಗತೈತಿ ಅಂದ್ರು."

"ನೀ ಒಪ್ಪಿದಿ."

"ಕೈ ನನ್ನೂವಲ್ರಿ ಮೇಡಮ್ಮಾರ. ಇರೂವ ಎರಡ."

ಯಾರೂ ನಗಲಿಲ್ಲ. ಮಾಶಾಕನೂ ನಗು ಅರ್ಧಕ್ಕೆ ಬಿಟ್ಟು, ಗ್ಯಾರೇಜಿನ ಬಾಗಿಲ ಬಳಿ ನಿಂತ ಇಬ್ಬರು ಹೆಂಗಸರ ಕಡೆ ನೋಡಿದ. ಒಬ್ಬಳು ಸತ್ತವನ ಹೆಂಡತಿ ಸಾವಕ್ಕ. ಇನ್ನೊಬ್ಬಳು, ಕೊಂದೆನೆಂದು ಒಪ್ಪಿಕೊಂಡವನ ಹೆಂಡತಿ ನೀಲಾ. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ನಿಂತಿದ್ದರು.

ಕಾರಹುಣ್ಣಿಮೆ ಕಳೆದ ವಾರದಲ್ಲಿ, ಮಾಗಡಿ ಕೆರೆಯ ರಸ್ತೆಯಲ್ಲಿ, ಗಾಡಿಗಳ ಮೇಲೆ ಅಕ್ಷರ ಬರೆಯುವ ಲಕ್ಷ್ಮೇಶ್ವರದ ಪುಂಡಲೀಕಪ್ಪ ಗಾಡಿಯಡಿ ಸಿಕ್ಕು ಸತ್ತಿದ್ದ. ಮುಂಡರಗಿಯ ಅಡತಿ ವ್ಯಾಪಾರಿ ಅಂದಪ್ಪನ ಡ್ರೈವರ್ ಬೀರಲಿಂಗ, ತಾನು ಓಡಿಸುತ್ತಿದ್ದ ಸಾಮಾನಿನ ಟೆಂಪೊದಿಂದಲೇ ಆಯಿತೆಂದು ಒಪ್ಪಿಕೊಂಡು ಕೂತಿದ್ದ. ಟೆಂಪೊ ಹಸಿರು. ಸತ್ತವನ ಹೆಗಲ ವಸ್ತ್ರದಲ್ಲಿ ಅನ್ನಪೂರ್ಣಳಿಗೆ ಸಿಕ್ಕ ಬಣ್ಣದ ಚೂರು ಬಿಳಿ. ಮತ್ತು ನಿನ್ನೆ ಮೊನ್ನೆಯವರೆಗೆ ಅಚ್ಚ ಬಿಳಿಯಾಗಿದ್ದ ಅಂದಪ್ಪನ ಸ್ವಂತ ಕಾರು ಈಗ ಈ ಮೂಲೆಯ ಗ್ಯಾರೇಜಿನಲ್ಲಿ ನೀಲಿಯಾಗುತ್ತಿತ್ತು.

ಬೀರಲಿಂಗನ ಬಾಯಿಂದ ಬೇರೆ ಮಾತು ಹೊರಡಿಸುವುದು ಆಗದ ಕೆಲಸ. ಅಂದಪ್ಪನ ಮನೆಯವರು ಅವನಿಂದ ಬೀರಪ್ಪನ ಭಂಡಾರ ಮುಟ್ಟಿಸಿ ಆಣೆ ಹಾಕಿಸಿಕೊಂಡಿದ್ದಾರೆಂದು ನೀಲಾ ಅತ್ತು ಹೇಳಿದ್ದಳು. ಅಂಗೈಗೆ ಆ ಅರಿಶಿನ ಪುಡಿ ಹತ್ತಿದ ಮೇಲೆ ಅವರ ಮನೆತನದಲ್ಲಿ ಯಾರೂ ಮಾತು ತಿರುಗಿಸಿದ್ದಿಲ್ಲ. ತಿರುಗಿಸಿದವನ ಕುರಿಹಟ್ಟಿ ಉಳಿಯುವುದಿಲ್ಲವೆಂದು ನಂಬಿದ ಜನ.

ಹಾಗಾಗಿ ಅವನನ್ನು ಉಳಿಸುವ ಮಾತು ಬೇರೆಯವರ ಬಾಯಿಂದ ಬರಬೇಕಿತ್ತು. ದೇವರ ಆಟ ನೋಡಿ, ಆ ಮಾತು ಸತ್ತವನ ಹೆಂಡತಿಯ ಬಾಯಲ್ಲೇ ಇತ್ತು. ಪುಂಡಲೀಕಪ್ಪ ಸತ್ತ ಹೊತ್ತಿನಲ್ಲಿ ಬೀರಲಿಂಗ ಲಕ್ಷ್ಮೇಶ್ವರದ ಸಂತೆಯಲ್ಲಿ ಕಡಲೆ ಚೀಲ ಇಳಿಸುತ್ತಿದ್ದುದನ್ನು ಸಾವಕ್ಕ ಕಣ್ಣಾರೆ ಕಂಡಿದ್ದಳು. ಬಾಯಾರಿದೆ ಎಂದವನಿಗೆ ತನ್ನ ಚರಿಗೆಯಿಂದ ನೀರು ಎರೆದಿದ್ದಳು. ನಾಳೆ ಕೋರ್ಟಿನಲ್ಲಿ ಅಷ್ಟು ಹೇಳಿದರೆ ಬೀರಲಿಂಗ ಮನೆಗೆ ಬರುತ್ತಿದ್ದ. ಅವಳು ಹೇಳದಿದ್ದರೆ ಬೇರೆ ಯಾರೂ ಹೇಳುವವರಿರಲಿಲ್ಲ. ನೀಲಾ ಆ ಕೈಯನ್ನು ಬಿಡದೆ ಹಿಡಿದಿದ್ದು ಅದಕ್ಕೆ.

ಸಾವಕ್ಕನ ಇನ್ನೊಂದು ಕೈಯಲ್ಲಿ ಒಂದು ಸ್ಟೀಲಿನ ಡಬ್ಬಿ ಇತ್ತು. ನೀಲಾ ಅನ್ನ ಬಿಟ್ಟಿದ್ದಾಳೆಂದು ಕೇಳಿ ಅವಳಿಗಾಗಿ ರೊಟ್ಟಿ, ಜುಣಕ ಕಟ್ಟಿಕೊಂಡು ಬಂದಿದ್ದಳು. ಜೀಪಿನಲ್ಲಿ ಬರುವಾಗ ತಾನೇ ಮುರಿದು ಕೈಗಿಟ್ಟು ತಿನ್ನಿಸಿದ್ದಳು. ಡಬ್ಬಿಯ ಹೊಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ 'ಸಾವಕ್ಕ' ಎಂದು ಬರೆದಿತ್ತು.

ಗಂಡ ಬರೆದುಕೊಟ್ಟನೇ ಎಂದು ಅನ್ನಪೂರ್ಣ ದಾರಿಯಲ್ಲಿ ಕೇಳಿದ್ದಳು. ಅಲ್ಲ, ಮಗಳು ಅಂಕಿತಾ ಬರೆದದ್ದು ಎಂದಿದ್ದಳು ಸಾವಕ್ಕ. ಹೇಳುವಾಗ, ಗಂಡ ಸತ್ತ ಮೇಲೆ ಮೊದಲ ಸಲ, ಅವಳ ಮುಖದಲ್ಲಿ ನೀರು ಕಂಡ ಬಳ್ಳಿಯ ಕಳೆ ಬಂದಿತ್ತು. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಹಚ್ಚಲೆಂದು ಕೆಂಪು ಬಣ್ಣದ ಹೊಸ ಡಬ್ಬಿ ಒಡೆದಿದ್ದರು. ಅದರಲ್ಲಿ ಉಳಿದದ್ದರಿಂದ ಬರೆದಳು. ಅಪ್ಪನಿಗಿಂತ ಮಗಳ ಕೈ ಚೆಂದ. ಒಂದೇ ಊನ, ಕೊನೆಯ ಅಕ್ಷರದ ಕೆಳಗೆ ಬ್ಯಾಡಗಿ ಮೆಣಸಿನಕಾಯಿಯ ಹಾಗೆ ಬಾಗಿದ ಒಂದು ಗೀಟು ಎಳೆಯದೆ ಅವಳಿಗೆ ಸಮಾಧಾನವಿಲ್ಲ. 'ಅಕ್ಷರಕ್ಕ ಬಾಲ ಹಚ್ಚಬ್ಯಾಡಲೇ ಹುಡಿಗೀ' ಎಂದು ಅಪ್ಪ ಬೈಯುತ್ತಿದ್ದ. ಬೈದು, ನಗುತ್ತಿದ್ದ.

"ಈಗ ಹೆಂಗದಾಳ್ರಿ ಅಂಕಿತಾ?" ಎಂದು ನೀಲಾ ಕೇಳಿದ್ದಳು.

ಮಾತಿಲ್ಲ ಎಂದಿದ್ದಳು ಸಾವಕ್ಕ. ಅಪ್ಪ ಹೋದ ದಿನದಿಂದ ಒಂದು ಮೂಲೆ ಹಿಡಿದು ಕೂತು, ಅವನ ಕುಂಚಗಳನ್ನು ಚಿಮಣಿ ಎಣ್ಣೆಯಲ್ಲಿ ತೊಳೆಯುತ್ತಾಳೆ. ತೊಳೆದದ್ದನ್ನೇ ಮತ್ತೆ ತೊಳೆಯುತ್ತಾಳೆ.

ಗ್ಯಾರೇಜಿನ ಹೊರಗೆ ಆಟೊ ನಿಂತ ಸದ್ದಾಯಿತು. ಬಂದವನು ಅಂದಪ್ಪ.

ಇಸ್ತ್ರಿಯ ಬಿಳಿ ಅಂಗಿ, ಹಣೆಯ ತುಂಬ ವಿಭೂತಿ, ಬಾಯಲ್ಲಿ ಅಡಿಕೆ. ಅವನು ದನಿ ಏರಿಸಿದ್ದನ್ನು ಮುಂಡರಗಿಯಲ್ಲಿ ಕೇಳಿದವರಿರಲಿಲ್ಲ. ಒಳಗೆ ಬಂದವನು ಪೊಲೀಸರಿಗೆ ಕೈ ಮುಗಿಯುವ ಮೊದಲು ಸಾವಕ್ಕನ ಹತ್ತಿರ ಹೋದ. ಬಿಸಿಲಲ್ಲಿ ಬಂದಿದ್ದೀಯಲ್ಲ ತಂಗಿ, ನೀರು ಕುಡಿದೆಯಾ ಎಂದು ವಿಚಾರಿಸಿದ. ಪುಂಡಲೀಕಪ್ಪನ ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ. ನನ್ನ ಆಳಿನಿಂದ ಆದ ತಪ್ಪು, ನನ್ನ ಹೆಗಲಿಗೂ ಭಾರ ಎಂದಿದ್ದ ಅಂದು. ಊರವರು ಕಣ್ಣೊರೆಸಿಕೊಂಡಿದ್ದರು.

"ಬಣ್ಣ ಯಾಕ ಬದಲಿ ಮಾಡಸಾಕತ್ತೀರಿ, ಅಂದಪ್ಪನವರ?" ಅನ್ನಪೂರ್ಣ ಕೇಳಿದಳು.

"ಎರಿ ಮಣ್ಣಿನ ನಾಡ್ರಿ ನಮ್ಮದು. ಬಿಳೇದು ಹೊಲಸು ಹಿಡೀತೈತಿ."

"ದೇವರ ಹೆಸರು ಮುಚ್ಚಿ ಹೋಗತೈತಲ್ರಿ."

"ಮುಚ್ಚಿದ್ರ ಒಳಗಿರತೈತಿ. ಕೆರದ್ರ ಹೋಗತೈತಿ. ಮ್ಯಾಲ ಮತ್ತ ಬರಸ್ತೀನಿ."

"ಯಾರ ಕಡಿಂದ? ಬರಿಯಾಂವ ಸತ್ತನಲ್ಲ."

ಅಂದಪ್ಪ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸಿದ.

ಆ ಕಾರು ಮನೆಗೆ ಬಂದ ವರ್ಷ ಸಿಂಗಟಾಲೂರಿಗೆ ಒಯ್ದು, ಹೊಳೆಯ ನೀರು ಚಿಮುಕಿಸಿ, ಅಲ್ಲಿಯೇ ಪುಂಡಲೀಕಪ್ಪನಿಂದ 'ಶ್ರೀ ವೀರಭದ್ರೇಶ್ವರ ಪ್ರಸನ್ನ' ಎಂದು ಬರೆಸಿ ಕಾಯಿ ಒಡೆದಿದ್ದರು. ಈ ಸೀಮೆಯಲ್ಲಿ ಹಾಗೆ ಬರೆಸಿದ ಮೇಲೆ ಅದು ಬರಹವಲ್ಲ. ಬೆಳಿಗ್ಗೆ ಗಾಡಿ ಹೊರಡುವ ಮೊದಲು ಅದಕ್ಕೆ ಊದುಬತ್ತಿ ಬೆಳಗುತ್ತಾರೆ. ಹಾಯುವಾಗ ಸೆರಗು ತಾಕಿದರೆ ಕಣ್ಣಿಗೊತ್ತಿಕೊಳ್ಳುತ್ತಾರೆ. ಕಾರು ಯಾರ ಕೈಯಲ್ಲಿತ್ತೋ, ಆ ಸಂಜೆ ಅದನ್ನು ಮನುಷ್ಯನ ಮೇಲೆ ಹತ್ತಿಸಲು ಆ ಕೈ ಹಿಂಜರಿದಿರಲಿಲ್ಲ. ಹೆಸರಿನ ಮೇಲೆ ಒಂದು ಕಾಗದ ಉಜ್ಜಲು ಮಾತ್ರ ಮನೆಯಲ್ಲಿ ಯಾರ ಕೈಯೂ ಏಳಲಿಲ್ಲ.

ಕಾರಿನ ಎಡಗಡೆಯ ದೀಪದ ಬದಿ ತಗಡು ತಗ್ಗು ಬಿದ್ದದ್ದನ್ನು ಪುಟ್ಟಿ ಮೆತ್ತಿ ಸಮ ಮಾಡಿದ್ದರು. ಅನ್ನಪೂರ್ಣ ಅದರ ಮೇಲೆ ಬೆರಳಾಡಿಸಿದಳು. ಇದೇನು ಎಂದು ಕೇಳಿದ್ದಕ್ಕೆ ಅಂದಪ್ಪ, ಓಣಿಯ ಎಮ್ಮೆ ಹಾಯ್ದಿತ್ತು ಎಂದ.

"ಪುಂಡಲೀಕಪ್ಪ ಮೊದಲು ಬಡದಾಗ ಸತ್ತಿದ್ದಿಲ್ಲ" ಎಂದಳು ಅನ್ನಪೂರ್ಣ. ಅವಳು ಅಂದಪ್ಪನ ಮುಖ ನೋಡುತ್ತ ಹೇಳಿದಳು, ಹಿಂದೆ ಯಾರು ನಿಂತಿದ್ದಾರೆಂಬುದನ್ನು ಮರೆತಳು. "ರಸ್ತಿ ಬಾಜೂಕ ಬಿದ್ದಿದ್ದ. ಎದ್ದು ಕುಂತಿದ್ದ. ಮಣ್ಣಾಗ ಅಂಗೈ ಊರಿದ ಗುರುತು ಐತಿ. ಗಾಡಿ ಮುಂದ ಹೋಗಿ ನಿಂತು, ಹಿಂದ ಬಂತು."

ಸಾವಕ್ಕನಿಗೆ ಇದು ಹೊಸದು.

"ಹಿಂದ ಬಂತಾ?" ಎಂದಳು. ಅಷ್ಟೇ.

ಅನ್ನಪೂರ್ಣ ತಿರುಗಿದಳು. ಆಡಿದ ಮಾತನ್ನು ನುಂಗುವ ಹಾಗಿರಲಿಲ್ಲ. ಹೌದೆಂದು ತಲೆಯಾಡಿಸಿದಳು.

ಸಾವಕ್ಕ ಅಳಲಿಲ್ಲ. ಎದ್ದು ಕುಂತಿದ್ದ ಎಂಬ ಮಾತನ್ನು ತುಟಿಯಲ್ಲೇ ಒಮ್ಮೆ ಆಡಿಕೊಂಡಳು. ಅಂದಪ್ಪ ಅವಳ ಹತ್ತಿರ ಸರಿದು, ಅಣ್ಣ ತಂಗಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದ.

"ಸಾವಕ್ಕಾ, ಮುಚ್ಚಿದ ಗಾಯ ಕೆದರಬಾರದವ್ವಾ. ಕೆದರಿದ್ರ ಒಳಗಿಂದ ಏನ್ ಏಳತೈತೋ ನಮ್ಮ ಕೈಯಾಗಿಲ್ಲ. ನಿನಗೂ ಒಬ್ಬಾಕಿ ಮಗಳದಾಳ."

ಸಿರಿವಂತರು ಹೆದರಿಸುವ ಬಗೆ ಇದೇ ಎಂದುಕೊಂಡಳು ಅನ್ನಪೂರ್ಣ. ಅದರಾಚೆ ಅವಳ ಯೋಚನೆ ಹೋಗಲಿಲ್ಲ.

ಸಾವಕ್ಕ ತಲೆಯೆತ್ತಿದಳು. "ನನ್ನ ಗಂಡನ್ನ ತುಳದ ಗಾಡ್ಯಾಗ ಯಾರ್ ಕುಂತಿದ್ರಂತ ನಾ ನೋಡಬೇಕ್ರಿ. ಯಾರರ ಇರ್ಲಿ. ದೇವರು ಕುಂತಿದ್ರೂ ನಾ ಬಿಡಂಗಿಲ್ಲ."

"ಹಂಗ ಅನಬ್ಯಾಡ" ಎಂದ ಅಂದಪ್ಪ. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಬೇಡಿಕೆಯಂಥದೇನೋ ಇತ್ತು.

ಅನ್ನಪೂರ್ಣ ಮಾಶಾಕನಿಗೆ ಗನ್ನು ಎತ್ತಿಕೊಳ್ಳಲು ಹೇಳಿದಳು. ಬಾನೆಟ್ಟಿಗೆ ಅವನು ಹೊಡೆದಿದ್ದು ಒಂದು ತೆಳುವಾದ ಕೈ ಮಾತ್ರ. ಅಷ್ಟಕ್ಕೇ ಮೂಲೆಯಲ್ಲಿ ಗುಳ್ಳೆ ಎದ್ದಿತ್ತು. ಈಗ ಥಿನ್ನರ್ ಜಾಸ್ತಿ ಹಾಕಿ, ತೊಯ್ಯುವ ಹಾಗೆ ಇಡೀ ಬಾನೆಟ್ಟಿಗೆ ಹೊಡೆ ಎಂದಳು. ಕೆಲಸ ಕೆಡುತ್ತದೆ ಎಂದು ಮಾಶಾಕ ಗೊಣಗಿದ. ಸಾವಕಾರರ ಕಡೆ ನೋಡಿದ. ಸಾವಕಾರರು ಕಣ್ಣು ಬೇರೆ ಕಡೆ ತಿರುಗಿಸಿದ್ದರು.

ಕಂಪ್ರೆಸರ್ ಗುಡುಗಿತು. ನೀಲಿ ಮಂಜು ಬಾನೆಟ್ಟಿನ ಮೇಲೆ ಇಳಿಯಿತು. ಎಲ್ಲರೂ ಸೆರಗು, ವಸ್ತ್ರ ಮೂಗಿಗೆ ಒತ್ತಿಕೊಂಡರು. ಗನ್ನು ನಿಂತಾಗ ಬಾನೆಟ್ಟು ಮಳೆಗಾಲದ ಕೆರೆಯ ಹಾಗೆ ನುಣ್ಣಗೆ ಹೊಳೆಯುತ್ತಿತ್ತು.

ನಡುವೆ ದೇವರ ಹೆಸರು ಇದ್ದ ಜಾಗದಲ್ಲಿ ಅಕ್ಷರಗಳ ಅಂಚು ಮಾತ್ರ ಸಣ್ಣಗೆ ಉಬ್ಬಿ ಕಂಡಿತು. ಒಂದು ಸುಕ್ಕಿಲ್ಲ, ಒಂದು ಗುಳ್ಳೆಯಿಲ್ಲ. ವರ್ಷಗಟ್ಟಲೆ ಬಿಸಿಲುಂಡ ಪುಂಡಲೀಕಪ್ಪನ ಅಕ್ಷರ, ಮೇಲೆ ಏನು ಸುರಿದರೂ ಅಲುಗಾಡಲಿಲ್ಲ.

ಎಡಮೂಲೆ ಕದಲಿತು.

ಮೊದಲು ಅಂಗೈಯಗಲದ ಜಾಗ ಸುಟ್ಟ ಚರ್ಮದ ಹಾಗೆ ಸೆಡೆಯಿತು. ಆಮೇಲೆ ನೆರಿಗೆಗಳು ತಮ್ಮ ದಾರಿ ಹುಡುಕಿಕೊಂಡವು. ಒಂದು ಬಾಗಿತು, ಒಂದು ಸುತ್ತಿಕೊಂಡಿತು. ನೀಲಿ ಬಿರಿದು ಅದರಡಿಯಿಂದ ಮಂದವಾದ ಬಿಳಿ ಕಂಡಿತು. ಅದು ಕಂಪನಿಯ ಬಿಳಿಯಲ್ಲ, ಯಾರೋ ಅವಸರದಲ್ಲಿ ಕುಂಚದಿಂದ ಬಳಿದ ಬಿಳಿ. ಆ ಬಿಳಿಯೂ ಬಿರಿಯಿತು. ಅದರಡಿಯಿಂದ ಕೆಂಪು ಎದ್ದಿತು. ಎತ್ತಿನ ಕೊಂಬಿನ ಕೆಂಪು.

ಮಾಶಾಕ ಬಾಯೊಳಗೇ ಏನೋ ಪಠಿಸಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ.

ನೀಲಾ ಶಾಲೆ ಕಲಿತವಳು. ಎದ್ದ ಹಾಗೆ ಎದ್ದ ಹಾಗೆ ಓದಿದಳು. "ಮಹಾದೇವ."

ಅಂದಪ್ಪನಿಗೆ ಇರುವ ಒಬ್ಬನೇ ಮಗನ ಹೆಸರು.

ಅನ್ನಪೂರ್ಣಳ ಮನಸ್ಸಿನಲ್ಲಿ ಎಲ್ಲವೂ ಒಂದರ ಹಿಂದೆ ಒಂದು ಬಂದು ಕೂತಿತು. ಕೊಂಬಿನ ಕೆಂಪಿನ ಡಬ್ಬಿ ಒಡೆದಿದ್ದು ಕಾರಹುಣ್ಣಿಮೆಗೆ. ಆದ್ದರಿಂದ ಈ ಹೆಸರು ಬರೆದದ್ದು ಅದರ ನಂತರ. ಹೆಸರು ಒಣಗುವ ಮೊದಲೇ ಅದನ್ನು ಬಿಳಿ ಬಳಿದು ಮುಚ್ಚಿದ್ದಾರೆ. ಅದು ಸಾಲದೆಂದು ಈಗ ನೀಲಿ. ಕೆಂಪು ಬಣ್ಣ ಪುಂಡಲೀಕಪ್ಪನ ಮನೆಯದು. ಸಾಯುವ ಮುಂಚಿನ ದಿನಗಳಲ್ಲಿ ಅವನು ಈ ಕಾರಿನ ಹತ್ತಿರ ನಿಂತಿದ್ದಾನೆ, ಮಹಾದೇವನ ಜೊತೆ ನಿಂತಿದ್ದಾನೆ. ಅವರಿಬ್ಬರ ನಡುವೆ ಏನೋ ನಡೆದಿದೆ. ಇದು ಗುರುತಿಲ್ಲದವರ ನಡುವಿನ ಅಪಘಾತವಲ್ಲ.

"ಮಗನ ಹೆಸರು ಬರಸೂದು ತಪ್ಪೇನಲ್ರಿ, ಅಂದಪ್ಪನವರ. ಬರಿಸಿದ ಹೆಸರನ್ನ ಎರಡ ಸಲ ಯಾಕ ಮುಚ್ಚಿದ್ರಿ?"

"ಹುಡುಗರು. ಬರಸ್ತಾರ, ಅಳಸ್ತಾರ."

"ಮಹಾದೇವ ಎಲ್ಲಿ?"

"ಮನ್ಯಾಗ ಅದಾನ."

ಅನ್ನಪೂರ್ಣ ಸಾವಕ್ಕನನ್ನು ಕರೆದಳು. ಇನ್ನು ಬೇಕಾಗಿದ್ದುದು ಒಂದು ಮಾತು. ಗಂಡನ ಅಕ್ಷರವನ್ನು ಹೆಂಡತಿಗಿಂತ ಹೆಚ್ಚು ಬಲ್ಲವರು ಯಾರು? ಸಾವಕ್ಕನಿಗೆ ಓದಲು ಬರುತ್ತಿರಲಿಲ್ಲ. ಆದರೆ ವರ್ಷಾನುಗಟ್ಟಲೆ ಗಂಡನಿಗೆ ಬಣ್ಣ ಕಲಸಿ ಕೊಟ್ಟವಳು. ದೂರದಿಂದ ಟ್ರ್ಯಾಕ್ಟರ್ ಬಂದರೆ, ಬರೆದದ್ದು ಅವನೋ ಬೇರೆಯವನೋ ಎಂದು ಹೇಳಬಲ್ಲವಳಾಗಿದ್ದಳು. ಆ ಅಕ್ಷರ ಅವಳಿಗೆ ಗಂಡನ ನಡಿಗೆ ಇದ್ದ ಹಾಗೆ.

"ಬಾ ಯವ್ವಾ. ಹತ್ತರ ಬಂದು ನೋಡು. ಇದು ನಿನ್ನ ಗಂಡನ ಕೈ ಹೌದಲ್ಲ?"

ನೀಲಾ ಅವಳ ಜೊತೆಗೇ ಬಂದಳು, ಕೈ ಬಿಡದೆ. ಆ ಹುಡುಗಿಯ ಮುಖದಲ್ಲಿ ಬಹಳ ದಿನಗಳ ಮೇಲೆ ಬೆಳಕು ಹತ್ತಿತ್ತು. ಗಂಡನಿಗೆ ಬಿಡುಗಡೆಯ ಬಾಗಿಲು ತೆರೆಯುತ್ತಿದೆ ಎಂದು ಅವಳಿಗೂ ತಿಳಿದಿತ್ತು.

ಸಾವಕ್ಕ ಬಗ್ಗಿದಳು.

ಕೆಂಪು ಅಕ್ಷರಗಳು ಗಾಯದ ಹಾಗೆ ತೆರೆದಿದ್ದವು. ಅವಳ ಕಣ್ಣು ಮೊದಲಿನದರಿಂದ ಮೆಲ್ಲಗೆ ಸರಿಯಿತು. ಕೊನೆಯ ಅಕ್ಷರಕ್ಕೆ ಬಂತು. ಅದರ ಕೆಳಗೆ ಇಳಿಯಿತು.

ಅಲ್ಲಿ ಒಂದು ಗೀಟು ಇತ್ತು. ಬ್ಯಾಡಗಿ ಮೆಣಸಿನಕಾಯಿಯ ಹಾಗೆ ಬಾಗಿದ್ದು.

ಹೊರಗೆ ರಸ್ತೆಯಲ್ಲಿ ಒಂದು ಬಸ್ಸು ಹೋಯಿತು. ಅದರ ಸದ್ದು ಪೂರ್ತಿ ಅಡಗುವವರೆಗೂ ಸಾವಕ್ಕ ಬಗ್ಗಿದ ಸೊಂಟ ಎತ್ತಲಿಲ್ಲ. ಗಂಡ ಸತ್ತ ಸಂಜೆ ಮಗಳು ಮನೆಗೆ ತಡವಾಗಿ ಬಂದಿದ್ದಳು. ಗೆಳತಿಯ ಮನೆ ಎಂದಿದ್ದಳು. ಹೆಣ ಅಂಗಳದಲ್ಲಿದ್ದಾಗಲೂ ಅವಳ ಕೈಯಿಂದ ಚಿಮಣಿ ಎಣ್ಣೆಯ ವಾಸನೆ ಬರುತ್ತಿತ್ತು. ಅಪ್ಪನ ಮುಖಕ್ಕೆ ಕೊನೆಯ ನೀರು ಹಾಕು ಬಾ ಎಂದು ಹಿರಿಯರು ಕರೆದರೆ ಬರಲಿಲ್ಲ, ಗೋಡೆಗೆ ಮುಖ ಮಾಡಿ ಕೂತಳು. ದುಃಖ ಎಂದುಕೊಂಡಿದ್ದರು ಎಲ್ಲರೂ. ತಾಯಿಯೂ ಹಾಗೆಯೇ ಅಂದುಕೊಂಡಿದ್ದಳು.

ಎದ್ದು ಕುಂತಿದ್ದ. ಗಾಡಿ ಹಿಂದ ಬಂತು.

ಗಾಡಿಯಲ್ಲಿ ಯಾರು ಕುಂತಿದ್ದರು?

ಸಾವಕ್ಕ ಅಂದಪ್ಪನ ಕಡೆ ನೋಡಿದಳು. ಅವನು ಮೊದಲಿನಿಂದಲೂ ಕಾರನ್ನು ನೋಡುತ್ತಿರಲಿಲ್ಲ, ಅವಳನ್ನೇ ನೋಡುತ್ತಿದ್ದ. ಬಾಯಲ್ಲಿನ ಅಡಿಕೆ ನಿಂತಿತ್ತು. ನಾ ಬೇಡ ಅಂದೆನಲ್ಲ ತಂಗಿ ಎನ್ನುವಂತಿತ್ತು ಆ ನೋಟ.

"ಅಲ್ರಿ" ಎಂದಳು ಸಾವಕ್ಕ. "ಇದು ನನ್ನ ಗಂಡನ ಕೈ ಅಲ್ಲ."

"ಮತ್ತ ಯಾರ್ದು?"

"ನನಗ ಅಕ್ಷರ ಬರೂದಿಲ್ರಿ ಮೇಡಮ್ಮಾರ. ಯಾರ್ದಂತ ಹೇಳ್ಲಿ."

ಅನ್ನಪೂರ್ಣಳಿಗೆ ಏನೋ ತಪ್ಪಿದಂತಾಯಿತು, ಏನೆಂದು ತಿಳಿಯಲಿಲ್ಲ. ಆಗಲಿ, ಅಕ್ಷರ ಬಲ್ಲವರಿಗೆ ತೋರಿಸಿದರಾಯಿತು ಎಂದಳು. ಬೀರಲಿಂಗನ ಬಗ್ಗೆ ನಿನ್ನ ಸಾಕ್ಷಿ ಇದೆಯಲ್ಲ, ನಾಳೆ ಕೋರ್ಟಿನಲ್ಲಿ ಸಂತೆಯ ವಿಷಯ ಹೇಳಿದರೆ ಸಾಕು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದು ಧೈರ್ಯ ತುಂಬಿದಳು.

ಸಾವಕ್ಕ ನೆಲ ನೋಡುತ್ತಿದ್ದಳು.

"ಸಂತ್ಯಾಗ ಭಾಳ ಮಂದಿ ಇರತಾರ್ರಿ."

"ಅಂದ್ರ?"

"ಚೀಲ ಇಳಸಾಂವನ್ನ ಬೀರಲಿಂಗಂತ ತಿಳದಿದ್ದೆ. ಈಗ ನೆನಸಿಕೊಂಡ್ರ ಅಲ್ಲ ಅನಸ್ತೈತಿ."

ನೀಲಾಳಿಗೆ ತಾನು ಕೇಳಿದ್ದು ಅರ್ಥವಾಗಲು ಹೊತ್ತು ಹಿಡಿಯಿತು. "ದೊಡ್ಡವ್ವಾ, ನೀರು ಕೊಟ್ಟೆ ಅಂದಿದ್ದಿಯಲ್ಲ" ಎಂದಳು, ಸಣ್ಣ ಹುಡುಗಿಯ ಹಾಗೆ. "ನಿನ್ನ ಚರಿಗಿಲೆ ನೀರು ಹಾಕಿದೆ ಅಂದಿ. ಇಷ್ಟೊತ್ತಿನ ತನಕ ಹಂಗ ಅಂದಿ."

"ಯಾರಿಗೋ ಹಾಕಿದೆ."

"ನಮ್ಮವರು ನಾಳೆ ಒಳಗ ಹೋಗತಾರ, ದೊಡ್ಡವ್ವಾ."

ಸಾವಕ್ಕ ತನ್ನ ಕೈ ಬಿಡಿಸಿಕೊಂಡಳು. ಒರಟಾಗಿ ಅಲ್ಲ. ಮಲಗಿದ ಮಗುವಿನ ಬೆರಳಿಂದ ಸೆರಗು ಬಿಡಿಸಿಕೊಳ್ಳುವ ಹಾಗೆ, ಒಂದೊಂದೇ ಬೆರಳು. ನೀಲಾಳ ಕೈ ಗಾಳಿಯಲ್ಲಿ ಹಾಗೆಯೇ ಉಳಿಯಿತು. ಆ ಬೆರಳುಗಳಿಗೆ ಇನ್ನೂ ಜುಣಕದ ಅರಿಶಿನ ಹತ್ತಿತ್ತು.

ಮಾಶಾಕ ತಲೆ ಕೆರೆದುಕೊಂಡು ಹೊರಗೆ ಹೋದ. ಅನ್ನಪೂರ್ಣ ಸಾವಕ್ಕನನ್ನು ನೋಡುತ್ತ ನಿಂತಳು. ಗಂಡನನ್ನು ತುಳಿದವನ ಮನೆಯವರ ಪರವಾಗಿ ಹೆಂಡತಿ ಯಾಕೆ ಮಾತು ತಿರುಗಿಸಿದಳು? ಹೆದರಿದಳೇ? ಹೆದರಿದವಳ ಮುಖ ಹೀಗಿರುವುದಿಲ್ಲ. ದೇವರೇ ಕುಂತಿದ್ದರೂ ಬಿಡುವುದಿಲ್ಲ ಎಂದವಳು ಇವಳೇ, ಇದೇ ನೆಲದ ಮೇಲೆ ನಿಂತು.

ಥಿನ್ನರಿನ ವಾಸನೆ ಒಮ್ಮೆಲೇ ಗಾಢವಾಯಿತು.

ಬಾನೆಟ್ಟಿನ ಪಕ್ಕದ ಸ್ಟೂಲಿನ ಮೇಲೆ ಮಾಶಾಕ ಕೈ ಒರೆಸುವ, ಥಿನ್ನರಿನಲ್ಲಿ ತೊಯ್ದ ಅರಿವೆಯಿತ್ತು. ಈಗ ಅದು ಅಲ್ಲಿರಲಿಲ್ಲ. ಸಾವಕ್ಕನ ಕೈಯಲ್ಲಿದ್ದ ಡಬ್ಬಿಯೂ ಕಾಣುತ್ತಿರಲಿಲ್ಲ. ಅವಳ ಎರಡೂ ಕೈಗಳು ಸೆರಗಿನ ಒಳಗಿದ್ದವು. ಸೆರಗು ಸಣ್ಣಗೆ ಅಲುಗುತ್ತಿತ್ತು, ಒಳಗೆ ಏನನ್ನೋ ಉಜ್ಜುತ್ತಿದ್ದ ಹಾಗೆ. ಅವಳ ಮುಖ ಮಾತ್ರ ಕಲ್ಲಿನ ಬಸವನ ಮುಖ.

ಸೆರಗಿನ ಅಂಚಿನಿಂದ ಒಂದು ಕೆಂಪು ಹನಿ ನೆಲಕ್ಕೆ ಬಿತ್ತು. ಹಿಂದೆಯೇ ಇನ್ನೊಂದು.

ಅನ್ನಪೂರ್ಣ ಹನಿಯನ್ನು ನೋಡಿದಳು. ಬಾನೆಟ್ಟಿನ ಮೇಲಿನ ಬಾಗಿದ ಗೀಟನ್ನು ನೋಡಿದಳು. ಜೀಪಿನಲ್ಲಿ ತನ್ನ ಮೊಣಕಾಲ ಪಕ್ಕದಲ್ಲೇ ಇದ್ದ ಡಬ್ಬಿ ಅವಳ ಕಣ್ಣಿಗೆ ಬಂತು. ಬಾಲ ಹಚ್ಚಬ್ಯಾಡಲೇ ಹುಡಿಗೀ.

"ಸಾವಕ್ಕಾ" ಎಂದಳು, ಆದಷ್ಟು ಮೆತ್ತಗೆ. "ಅಂಕಿತಾ ಎಲ್ಲಿ ಅದಾಳ?"

ಮನೆಯಲ್ಲಿ, ಆ ಮೂಲೆಯಲ್ಲಿ, ಕುಂಚಗಳ ಮುಂದೆ ಎಂದು ಸಾವಕ್ಕ ತಿಳಿದಿದ್ದಳು. ಬೆಳಿಗ್ಗೆ ಜೀಪು ಹತ್ತುವಾಗ ಹಾಗೆಯೇ ಬಿಟ್ಟು ಬಂದಿದ್ದಳು.

ಉತ್ತರ ಕೊಟ್ಟವನು ಅಂದಪ್ಪ. ಅಡಿಕೆ ಮತ್ತೆ ಅವನ ಬಾಯಲ್ಲಿ ನಿಧಾನ ಹೊರಳತೊಡಗಿತ್ತು.

"ನಮ್ಮ ಮನ್ಯಾಗ ಅದಾಳ್ರಿ. ನೀವು ಇತ್ತಾಗ ಬಂದ ಮ್ಯಾಲ ನಮ್ಮ ಮನಿಯಾಕಿ ಹೋಗಿ ಕರಕೊಂಡ ಬಂದಾಳ. ಇನ್ನ ನಮ್ಮ ಸೊಸಿ ಆಗಾಕಿ. ಮನಿ ಮಾತು ಹೊರಗ ಆಡಂಗಿಲ್ಲಂತ ವೀರಭದ್ರನ ಮುಂದ ವಿಭೂತಿ ಮುಟ್ಟಿ ಆಣಿನೂ ಮಾಡ್ಯಾಳ."

ಸೆರಗಿನೊಳಗಿನ ಕೈ ನಿಂತಿತು.